ಅರ್ಜಿ ವಜಾ, ಸಮಸ್ಯೆ ಅಲ್ಲ: ರಾಯಭಾರಿ ಮುತ್ತಮ್ಮನವರ ಮೂವತ್ತೆರಡು ವರ್ಷ

(ಕಾಲೇಜು ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಆಹ್ವಾನ ಪತ್ರಿಕೆಯಲ್ಲಿ ‘ಭಾರತದ ಮೊದಲ ಮಹಿಳಾ ರಾಯಭಾರಿ ಸಿ.ಬಿ. ಮುತ್ತಮ್ಮ’ ಎಂದು ಅಚ್ಚಾಗಿದೆ. ಅದನ್ನು ಸ್ವಲ್ಪ ತಿದ್ದಿಯೇ ಮುಂದೆ ಹೋಗಬೇಕು. ತಪ್ಪು ಹುಡುಕಬೇಕೆಂಬ ಹಟಕ್ಕಲ್ಲ, ಆ ತಿದ್ದುಪಡಿಯಲ್ಲೇ ಇವತ್ತಿನ ಇಡೀ ಕಥೆ ಇದೆ.

ಭಾರತದ ಮೊದಲ ಮಹಿಳಾ ರಾಯಭಾರಿ ವಿಜಯಲಕ್ಷ್ಮಿ ಪಂಡಿತ್. 1947ರಲ್ಲೇ ಮಾಸ್ಕೋಗೆ ಹೋದರು, 1949ರಲ್ಲಿ ವಾಷಿಂಗ್ಟನ್ನಿಗೆ. 1953ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯ ಅಧ್ಯಕ್ಷರಾದರು, ಆ ಕುರ್ಚಿಯಲ್ಲಿ ಕೂತ ಮೊದಲ ಹೆಣ್ಣುಮಗಳು. ಆಮೇಲೆ 1954ರಿಂದ 1961ರವರೆಗೆ ಲಂಡನ್ನಿನಲ್ಲಿ ಹೈಕಮಿಷನರ್. ಆದರೆ ಅವರು ಪರೀಕ್ಷೆ ಬರೆದು ವಿದೇಶಾಂಗ ಸೇವೆಗೆ ಸೇರಿದವರಲ್ಲ. ಸರ್ಕಾರ ನೇರವಾಗಿ ನೇಮಿಸಿದ ರಾಜಕೀಯ ನೇಮಕಾತಿ. ಗಂಡ ರಣಜಿತ್ ಪಂಡಿತ್ 1944ರಲ್ಲೇ ತೀರಿಕೊಂಡಿದ್ದರು, ಮೂವರು ಹೆಣ್ಣುಮಕ್ಕಳಿದ್ದರು. ‘ಸಂಸಾರದ ಹೊಣೆ ನಿಮ್ಮ ಕೆಲಸಕ್ಕೆ ಅಡ್ಡಿಯಾಗದೇ?’ ಎಂದು ಅವರನ್ನು ಕೇಳುವ ನಿಯಮ ಯಾವ ಪುಸ್ತಕದಲ್ಲೂ ಇರಲಿಲ್ಲ. ಪ್ರಧಾನಿಯ ತಂಗಿಗೆ ಸೇವಾ ನಿಯಮಗಳು ಅನ್ವಯಿಸುವುದಿಲ್ಲ ತಾನೇ.

ಪರೀಕ್ಷೆ ಬರೆದು, ಕೆಳಗಿನ ಮೆಟ್ಟಿಲಿಂದ ಹತ್ತಿ, ರಾಯಭಾರಿಯಾದ ಮೊದಲ ಮಹಿಳೆ ಮುತ್ತಮ್ಮ. ಅವರಿಗೆ ಸೇವಾ ನಿಯಮಗಳು ಅನ್ವಯಿಸುತ್ತಿದ್ದವು. ಒಂದೊಂದು ಸಾಲೂ ಅನ್ವಯಿಸುತ್ತಿತ್ತು.

ಚೋನಿರ ಬೆಳ್ಳಿಯಪ್ಪ ಮುತ್ತಮ್ಮ ಹುಟ್ಟಿದ್ದು 1924ರಲ್ಲಿ, ವಿರಾಜಪೇಟೆಯಲ್ಲಿ. ತಂದೆ ಅರಣ್ಯಾಧಿಕಾರಿ. ಮಗಳಿಗೆ ಒಂಬತ್ತು ವರ್ಷವಾಗಿದ್ದಾಗ ತೀರಿಕೊಂಡರು. ನಾಲ್ಕು ಮಕ್ಕಳನ್ನು ಓದಿಸಲೇಬೇಕೆಂದು ಪಟ್ಟು ಹಿಡಿದವರು ತಾಯಿ. ಮಡಿಕೇರಿಯ ಸೇಂಟ್ ಜೋಸೆಫ್ಸ್ ಶಾಲೆ, ಮದರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜು, ಅಲ್ಲಿಂದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಗ್ಲಿಷ್ ಎಂ.ಎ. ಕೊಡಗಿನ ಹುಡುಗಿ ಮೈಸೂರಿಗೋ ಬೆಂಗಳೂರಿಗೋ ಹೋಗದೆ ಮದರಾಸಿಗೆ ಯಾಕೆ ಹೋದಳು ಎಂದು ನಿಮಗೆ ಅನ್ನಿಸಬಹುದು. ಆಗ ಕೊಡಗು ಮೈಸೂರಿನ ಭಾಗವಲ್ಲ. 1956ರ ಏಕೀಕರಣದವರೆಗೆ ಅದರ ಆಡಳಿತವೇ ಬೇರೆ. ಹಾಗಾಗಿ ‘ಕರ್ನಾಟಕದ ಹೆಮ್ಮೆಯ ಪುತ್ರಿ’ ಎಂದು ನಾವು ಈಗ ಬ್ಯಾನರ್ ಕಟ್ಟಿದರೂ, ಅವರು ಸೇವೆಗೆ ಸೇರಿದಾಗ ಅಂಥ ರಾಜ್ಯವೇ ಇರಲಿಲ್ಲ.

1948ರಲ್ಲಿ ಅವರು ಯುಪಿಎಸ್‌ಸಿ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಆ ಪರೀಕ್ಷೆ ದಾಟಿದ ಮೊದಲ ಮಹಿಳೆ. ಮೌಖಿಕ ಸಂದರ್ಶನದಲ್ಲಿ ಏನಾಯಿತು ಎಂಬುದನ್ನು ಮೂವತ್ತು ವರ್ಷ ಕಳೆದ ಮೇಲೆ ಅವರೇ ನ್ಯಾಯಾಲಯಕ್ಕೆ ಕೊಟ್ಟ ಅರ್ಜಿಯಲ್ಲಿ ಬರೆದಿದ್ದಾರೆ. ವಿದೇಶಾಂಗ ಸೇವೆ ನಿನಗೆ ಬೇಡ ಎಂದು ಆಯೋಗದ ಅಧ್ಯಕ್ಷರೇ ಮನವೊಲಿಸಲು ನೋಡಿದರಂತೆ. ಒಪ್ಪದಿದ್ದಾಗ ಸಂದರ್ಶನದಲ್ಲಿ ಕನಿಷ್ಠ ಅಂಕ ಸಿಗುವಂತೆ ಪ್ರಭಾವ ಬೀರಿದರು ಎಂಬುದು ಅವರ ದೂರು. ಕನಿಷ್ಠ ಅಂಕ ಪಡೆದೂ ಪಟ್ಟಿಯಲ್ಲಿ ಉಳಿದರು ಎಂದರೆ ಬರವಣಿಗೆಯ ಪತ್ರಿಕೆಗಳಲ್ಲಿ ಎಷ್ಟು ಮುಂದಿದ್ದಿರಬೇಕು, ನೀವೇ ಲೆಕ್ಕ ಹಾಕಿ.

1949ರಲ್ಲಿ ಸೇವೆಗೆ ಸೇರುವಾಗ ಒಂದು ಮುಚ್ಚಳಿಕೆಗೆ ಸಹಿ ಹಾಕಬೇಕಾಯಿತು: ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ. ಇದು ಅವರೊಬ್ಬರ ಪಾಡಲ್ಲ. ಐಎಎಸ್ ಸೇರಿದ ಮೊದಲ ಮಹಿಳೆ ಅನ್ನಾ ರಾಜಮ್ ಅವರ ನೇಮಕಾತಿ ಆದೇಶದಲ್ಲೂ, ಮದುವೆಯಾದರೆ ಸೇವೆ ಮುಗಿದಂತೆ ಎಂಬ ಷರತ್ತಿತ್ತು. ಇಬ್ಬರೂ ಸೇರುವ ಹೊತ್ತಿಗೆ ದೇಶದ ಸಂವಿಧಾನದಲ್ಲಿ ಸಮಾನತೆಯ ಹಕ್ಕು ಕೊಡುವ 14, 15, 16ನೇ ವಿಧಿಗಳು ಒಂದೋ ಬರೆದಾಗಿದ್ದವು, ಇಲ್ಲವೇ ಜಾರಿಗೆ ಬಂದಿದ್ದವು. ಲಿಂಗದ ಕಾರಣಕ್ಕೆ ಸರ್ಕಾರಿ ಉದ್ಯೋಗದಲ್ಲಿ ಭೇದ ಮಾಡಕೂಡದು ಎಂದು 16ನೇ ವಿಧಿ ಬಾಯಿಬಿಟ್ಟು ಹೇಳುತ್ತದೆ.

ಈಗ ಆ ನಿಯಮಗಳನ್ನೇ ಓದೋಣ. ನಾನು ಇವತ್ತು ಬಂದದ್ದು ಮುಖ್ಯವಾಗಿ ಇದಕ್ಕೆ. ‘ಆ ಕಾಲದ ಮನೋಭಾವ ಹಾಗಿತ್ತು’ ಎಂದು ಹೇಳಿ ನಾವು ಕೈ ತೊಳೆದುಕೊಳ್ಳುತ್ತೇವೆ. ಮನೋಭಾವ ಗಾಳಿಯಲ್ಲಿರುತ್ತದೆ, ಅದರ ಮೇಲೆ ಮೊಕದ್ದಮೆ ಹೂಡಲಾಗದು. ಮುತ್ತಮ್ಮನವರಿಗೆ ಎದುರಾದದ್ದು ಅಚ್ಚಾದ ಕಾಗದ. 1961ರ ವಿದೇಶಾಂಗ ಸೇವೆಯ ನಡತೆ ಮತ್ತು ಶಿಸ್ತು ನಿಯಮಗಳಲ್ಲಿ 8(2) ಎಂಬುದೊಂದಿತ್ತು. ಸೇವೆಯಲ್ಲಿರುವ ಮಹಿಳೆ ಮದುವೆಗೆ ಮುಂಚೆ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು. ಮದುವೆಯಾದ ಮೇಲೆ ಯಾವಾಗ ಬೇಕಾದರೂ, ಆಕೆಯ ಕುಟುಂಬದ ಮತ್ತು ಮನೆಯ ಹೊಣೆಗಳು ಕೆಲಸದ ದಕ್ಷತೆಗೆ ಅಡ್ಡಿಯಾಗಬಹುದು ಎಂದು ಸರ್ಕಾರಕ್ಕೆ ಅನ್ನಿಸಿದರೆ, ರಾಜೀನಾಮೆ ಕೇಳಬಹುದು. ಅಡ್ಡಿಯಾಗಿದೆ ಎಂದು ತೋರಿಸಬೇಕಿಲ್ಲ, ಆಗಬಹುದು ಎಂದು ಅನ್ನಿಸಿದರೆ ಸಾಕು. ಅದೇ ವರ್ಷದ ನೇಮಕಾತಿ ಮತ್ತು ಬಡ್ತಿ ನಿಯಮಗಳಲ್ಲಿ 18(4): ಮದುವೆಯಾದ ಯಾವ ಮಹಿಳೆಗೂ ಈ ಸೇವೆಗೆ ನೇಮಕವಾಗುವ ಹಕ್ಕು ಇರುವುದಿಲ್ಲ.

1961 ಎನ್ನುವ ಇಸವಿಯನ್ನು ಗಮನಿಸಿ. ರಾಯಭಾರಿಗಳ ಹಕ್ಕುಬಾಧ್ಯತೆಗಳನ್ನು ನಿಗದಿ ಮಾಡಿದ ವಿಯೆನ್ನಾ ಒಪ್ಪಂದವಾದದ್ದೂ 1961ರಲ್ಲೇ. ಅದರ ಪ್ರಕಾರ ಒಂದು ದೇಶ ರಾಯಭಾರಿಯನ್ನು ಕಳುಹಿಸುವ ಮುಂಚೆ ಆತಿಥೇಯ ದೇಶದ ಒಪ್ಪಿಗೆ ಪಡೆಯಬೇಕು. ಆ ದೇಶ ಬೇಡ ಎನ್ನಬಹುದು, ಕಾರಣವನ್ನೂ ಹೇಳಬೇಕಿಲ್ಲ. ಒಪ್ಪಿಗೆ ಬಂದ ಮೇಲೆ ನಮ್ಮ ರಾಷ್ಟ್ರಪತಿ ಸಹಿ ಮಾಡಿದ ಅಧಿಕಾರಪತ್ರವನ್ನು ರಾಯಭಾರಿ ಹೊತ್ತೊಯ್ದು ಅಲ್ಲಿನ ರಾಷ್ಟ್ರದ ಮುಖ್ಯಸ್ಥರ ಕೈಗೆ ಕೊಡುತ್ತಾರೆ. ಆ ನಗರದ ರಾಯಭಾರಿಗಳ ಸಾಲಿನಲ್ಲಿ ಯಾರು ಮುಂದೆ, ಯಾರು ಹಿಂದೆ ಎಂಬುದನ್ನು ಅಧಿಕಾರ ವಹಿಸಿಕೊಂಡ ದಿನಾಂಕ ತೀರ್ಮಾನಿಸುತ್ತದೆ. ದೇಶ ದೊಡ್ಡದೋ ಚಿಕ್ಕದೋ, ವ್ಯಕ್ತಿಗೆ ವಯಸ್ಸೆಷ್ಟು, ಮದುವೆಯಾಗಿದೆಯೇ, ಯಾವುದೂ ಲೆಕ್ಕಕ್ಕಿಲ್ಲ. ಅಂದರೆ ಹೊರಗಿನ ಜಗತ್ತು ಬರೆದುಕೊಂಡ ಒಪ್ಪಂದದಲ್ಲಿ ಮುತ್ತಮ್ಮನವರಿಗೆ ಅಡ್ಡಿಯಾಗುವ ಒಂದು ಸಾಲೂ ಇಲ್ಲ. ಅಡ್ಡಿಯೆಲ್ಲ ಇದ್ದದ್ದು ದೆಹಲಿಯ ಕಡತದಲ್ಲಿ.

ಪ್ಯಾರಿಸ್, ರಂಗೂನ್, ಲಂಡನ್. ನಡುವೆ ದೆಹಲಿಯಲ್ಲಿ ಪಾಕಿಸ್ತಾನ ಮತ್ತು ಅಮೆರಿಕ ವಿಭಾಗಗಳ ಮೇಜು. ಹೀಗೆ ಇಪ್ಪತ್ತು ವರ್ಷ ಕಳೆಯಿತು. ಈ ಭಾಗವನ್ನು ನಾನು ಬೇಗ ದಾಟುತ್ತೇನೆ. ಕಿರಿಯ ರಾಜತಾಂತ್ರಿಕರ ದಿನಗಳು ಬಹುತೇಕ ಕರಡು ಬರೆಯುವುದರಲ್ಲಿ, ಇನ್ನೊಬ್ಬರ ಕರಡು ತಿದ್ದುವುದರಲ್ಲಿ ಕಳೆದುಹೋಗುತ್ತವೆ. ಆದರೆ ಕಾಗದವನ್ನು ಹೇಗೆ ಓದಬೇಕು, ಹೇಗೆ ಬರೆದರೆ ಅದು ಕಡತದಿಂದ ಎದ್ದು ಬರುತ್ತದೆ ಎಂಬ ವಿದ್ಯೆ ಅಂಟಿಕೊಳ್ಳುವುದೂ ಅಲ್ಲೇ. ಮುಂದೆ ಅದು ಅವರ ಕೈಹಿಡಿಯಿತು.

1970ರಲ್ಲಿ ಅವರನ್ನು ಹಂಗೆರಿಗೆ ರಾಯಭಾರಿಯಾಗಿ ನೇಮಿಸಿದರು. ಇದು ಜಗತ್ತಿನ ಲೆಕ್ಕದಲ್ಲಿ ಎಲ್ಲಿ ನಿಲ್ಲುತ್ತದೆ ನೋಡಿ. ಅಮೆರಿಕದ ವೃತ್ತಿಪರ ಸೇವೆಯಿಂದ ಮೊದಲ ಮಹಿಳೆ ರಾಯಭಾರಿಯಾದದ್ದು 1953ರಲ್ಲಿ, ಸ್ವಿಟ್ಜರ್ಲೆಂಡಿಗೆ ಹೋದ ಫ್ರಾನ್ಸಿಸ್ ವಿಲ್ಲಿಸ್. ಬ್ರಿಟನ್ನಿನಲ್ಲಿ ವೃತ್ತಿಪರ ಮಹಿಳೆಯೊಬ್ಬರು ರಾಯಭಾರಿ ಕಚೇರಿಯ ಚುಕ್ಕಾಣಿ ಹಿಡಿದದ್ದು 1976ರಲ್ಲಿ, ಡೆನ್ಮಾರ್ಕಿಗೆ ಹೋದ ಆನ್ ವಾರ್‌ಬರ್ಟನ್. ಮದುವೆಯಾದ ಹೆಣ್ಣು ಸೇವೆ ಬಿಡಬೇಕೆಂಬ ನಿಯಮವನ್ನು ಬ್ರಿಟಿಷ್ ರಾಜತಾಂತ್ರಿಕ ಸೇವೆ ತೆಗೆದದ್ದು 1973ರಲ್ಲಿ. ನಮ್ಮವರು ಆ ನಿಯಮವನ್ನು ಎಲ್ಲಿಂದ ನಕಲು ಮಾಡಿದರೆಂದು ಬಿಡಿಸಿ ಹೇಳಬೇಕಾಗಿಲ್ಲ.

ಬುಡಾಪೆಸ್ಟ್ ಸುಲಭದ ಜಾಗವೇನಲ್ಲ. ಕಮ್ಯುನಿಸ್ಟ್ ಆಡಳಿತ, ಜಾನೋಸ್ ಕಾದಾರ್ ಅವರ ಕಾಲ. ವ್ಯಾಪಾರದ ಮಾತೂ ಅಲ್ಲಿ ಸರ್ಕಾರದಿಂದ ಸರ್ಕಾರಕ್ಕೇ ಆಗಬೇಕು. 1956ರಲ್ಲಿ ಸೋವಿಯತ್ ಟ್ಯಾಂಕುಗಳು ಆ ನಗರಕ್ಕೆ ನುಗ್ಗಿದಾಗ ವಿಶ್ವಸಂಸ್ಥೆಯಲ್ಲಿ ಭಾರತ ತಳೆದ ಮೆತ್ತಗಿನ ನಿಲುವಿಗೆ ಆಗ ಸಾಕಷ್ಟು ಟೀಕೆ ಬಂದಿತ್ತು. ಹಾಗೆಂದು ಭಾರತದ ರಾಯಭಾರಿ ಅಲ್ಲಿ ಬರಿಗೈಲಿ ಕೂರಬೇಕಾಗಿಯೂ ಇಲ್ಲ. ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಹುಟ್ಟಿದ ಊರು ಅದು. ಬಲಾಟೋನ್ ಸರೋವರದ ದಡದಲ್ಲಿ ಬಲಾಟೋನ್‌ಫ್ಯೂರೆಡ್ ಎಂಬ ಊರಿದೆ, 1926ರಲ್ಲಿ ರವೀಂದ್ರನಾಥ ಟಾಗೋರರು ಹೃದಯದ ಚಿಕಿತ್ಸೆಗೆ ತಂಗಿ, ಗಿಡ ನೆಟ್ಟ ಜಾಗ. ಇಂಥ ಎಳೆಗಳನ್ನು ಹಿಡಿದು ಮಾತು ಶುರು ಮಾಡುವುದೂ ರಾಯಭಾರಿಯ ಕೆಲಸವೇ. ಮಾತು ಶುರುವಾದ ಮೇಲೆ ತಾನೇ ಒಪ್ಪಂದ, ಮತ ಎಲ್ಲ.

ಇಲ್ಲೊಂದು ವಿಷಯವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು: ಊಟದ ಮೇಜು. ರಾಯಭಾರಿಯ ನಿವಾಸದಲ್ಲಿ ನಡೆಯುವ ಔತಣ ಮೋಜಲ್ಲ, ಕಚೇರಿ ಕೆಲಸದ ಮುಂದುವರಿಕೆ. ಯಾರನ್ನು ಕರೆಯಬೇಕು, ಯಾರ ಪಕ್ಕ ಯಾರು, ಮುನಿಸಿಕೊಂಡಿರುವ ಎರಡು ದೇಶಗಳ ಪ್ರತಿನಿಧಿಗಳ ನಡುವೆ ಎಷ್ಟು ಕುರ್ಚಿ, ಯಾರು ಮಾಂಸ ತಿನ್ನುವುದಿಲ್ಲ, ಯಾರು ಮದ್ಯ ಮುಟ್ಟುವುದಿಲ್ಲ. ಸಾಲು ತಪ್ಪಿಸಿ ಒಬ್ಬರನ್ನು ಎರಡು ಕುರ್ಚಿ ಆಚೆ ಕೂರಿಸಿದರೆ ಮರುದಿನ ಅದು ದೂರಾಗಬಹುದು. ಆ ಕಾಲದಲ್ಲಿ ಇದನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಯಾರು? ರಾಯಭಾರಿಯ ಹೆಂಡತಿ. ಸಂಬಳವಿಲ್ಲ, ಹುದ್ದೆಯಿಲ್ಲ. ಅಮೆರಿಕದ ವಿದೇಶಾಂಗ ಸೇವೆಯಲ್ಲಂತೂ 1972ರವರೆಗೆ ಅಧಿಕಾರಿಯ ವಾರ್ಷಿಕ ಮೌಲ್ಯಮಾಪನದಲ್ಲಿ ಹೆಂಡತಿಯ ಕಾರ್ಯವೈಖರಿಯ ಬಗ್ಗೆಯೂ ಷರಾ ಬರೆಯುತ್ತಿದ್ದರು. ಒಬ್ಬರ ಸಂಬಳಕ್ಕೆ ಇಬ್ಬರ ದುಡಿಮೆ.

ಹೀಗಿರುವಾಗ ನಮ್ಮ ನಿಯಮವನ್ನು ಇನ್ನೊಮ್ಮೆ ಓದಿ. ಕುಟುಂಬದ ಹೊಣೆ ದಕ್ಷತೆಗೆ ಅಡ್ಡಿ ಎಂದು ಅದು ಹೇಳುತ್ತದೆ. ಗಂಡಸು ರಾಯಭಾರಿಯಾದರೆ ಅದೇ ಕುಟುಂಬ ಆತನ ದಕ್ಷತೆಯ ಅರ್ಧ ಭಾಗ. ಮದುವೆಯಾಗದೆ ಉಳಿದ ಮುತ್ತಮ್ಮನವರಂಥವರು ಹಗಲು ಕಡತ ನೋಡಿ, ಸಂಜೆ ಆ ಮೇಜನ್ನೂ ತಾವೇ ನೋಡಿಕೊಳ್ಳಬೇಕಿತ್ತು. ನಿಯಮ ಬರೆದವರಿಗೆ ಇದು ಕಾಣಲಿಲ್ಲ ಎಂದು ನಾನು ನಂಬುವುದಿಲ್ಲ. ಆ ಊಟಗಳನ್ನು ಅವರೂ ಉಂಡಿದ್ದರಲ್ಲ.

ಹಂಗೆರಿಯ ನಂತರ ಘಾನಾದ ಅಕ್ರಾ. ಕಾಮನ್‌ವೆಲ್ತ್ ದೇಶವಾದ್ದರಿಂದ ಅಲ್ಲಿ ರಾಯಭಾರಿಯನ್ನು ಹೈಕಮಿಷನರ್ ಎನ್ನುತ್ತಾರೆ, ಕೆಲಸ ಒಂದೇ. ಸೈನಿಕ ಆಡಳಿತದ ಕಾಲ.

ಇನ್ನು ಬಡ್ತಿಯ ಪ್ರಶ್ನೆ. ‘ರಾಯಭಾರಿ ಆಗಿಬಿಟ್ಟರಲ್ಲ, ಮತ್ತಿನ್ನೇನು ಬಡ್ತಿ?’ ಎಂದು ಬಹಳ ಜನ ಕೇಳುತ್ತಾರೆ. ರಾಯಭಾರಿ ಎನ್ನುವುದು ಹುದ್ದೆ. ಅದರ ಹಿಂದೆ ಅಧಿಕಾರಿಯ ಶ್ರೇಣಿ ಬೇರೆಯೇ ಇರುತ್ತದೆ. ಸಣ್ಣ ರಾಜಧಾನಿಗೆ ಕೆಳ ಶ್ರೇಣಿಯವರೂ ರಾಯಭಾರಿಯಾಗಿ ಹೋಗಬಹುದು. ದೊಡ್ಡ ರಾಜಧಾನಿಗಳು, ಕಾರ್ಯದರ್ಶಿ ಮಟ್ಟದ ಹುದ್ದೆಗಳು ಬೇಕೆಂದರೆ ಮೊದಲನೇ ಶ್ರೇಣಿಗೆ ಏರಬೇಕು. ಆ ಮೆಟ್ಟಿಲಿನಲ್ಲಿ ಮುತ್ತಮ್ಮನವರನ್ನು ಪರಿಗಣಿಸಿ ಕೈಬಿಟ್ಟರು. ಅವರಿಗಿಂತ ಕಿರಿಯರು ಮೇಲೆ ಹೋದರು.

ಬೇರೆಯವರಾಗಿದ್ದರೆ ಒಂದು ಮನವಿ ಬರೆದು, ನಿವೃತ್ತಿಗೆ ಉಳಿದ ವರ್ಷಗಳನ್ನು ಎಣಿಸುತ್ತಿದ್ದರು. ಇವರು ಸೇವೆಯಲ್ಲಿದ್ದುಕೊಂಡೇ 1979ರಲ್ಲಿ ಸುಪ್ರೀಂ ಕೋರ್ಟಿಗೆ ರಿಟ್ ಅರ್ಜಿ ಹಾಕಿದರು. ಒಂದು ಕ್ಷಣ ಯೋಚಿಸಿ. ಭಾರತ ಸರ್ಕಾರದ ಮಾತನ್ನು ಹೊರದೇಶದಲ್ಲಿ ಆಡುವುದೇ ಈಕೆಯ ಉದ್ಯೋಗ. ಆ ಸರ್ಕಾರವನ್ನೇ ಪ್ರತಿವಾದಿ ಮಾಡಿದ್ದಾರೆ. ಅರ್ಜಿಯನ್ನು ತನ್ನೊಬ್ಬಳ ಬಡ್ತಿಗೆ ಸೀಮಿತ ಮಾಡಲಿಲ್ಲ, ಅಲ್ಲಿದೆ ಅವರ ಜಾಣ್ಮೆ. ಸಂದರ್ಶನ, ಮುಚ್ಚಳಿಕೆ, 8(2), 18(4), ಎಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸಿದರು. ಬಡ್ತಿ ಕೊಡದಿರುವುದು ಬಿಡಿ ಘಟನೆಯಲ್ಲ, ಮೂವತ್ತು ವರ್ಷದ ರೂಢಿಯ ತುದಿ ಎಂಬುದು ಅವರ ವಾದ. ಕಡತ ಬಲ್ಲವರ ಬರವಣಿಗೆ.

ಅರ್ಜಿ ನ್ಯಾಯಾಲಯದ ಮುಂದಿರುವಾಗಲೇ ಸರ್ಕಾರ ಅವರ ಅರ್ಹತೆಯನ್ನು ಮರುಪರಿಶೀಲಿಸಿತು. ಬಡ್ತಿ ಬಂತು, ಹೇಗ್ ನಗರದಲ್ಲಿ ನೆದರ್‌ಲೆಂಡ್ಸ್‌ನ ರಾಯಭಾರಿ ಹುದ್ದೆಯೂ ಬಂತು. ಸರ್ಕಾರದ ಪರ ನಿಂತ ಸಾಲಿಸಿಟರ್ ಜನರಲ್ ಸೋಲಿ ಸೊರಾಬ್ಜಿ, 18(4)ನ್ನು 1973ರ ನವೆಂಬರ್ 12ರಂದೇ ತೆಗೆದುಹಾಕಲಾಗಿದೆ, 8(2)ನ್ನೂ ತೆಗೆಯುವ ಹಾದಿಯಲ್ಲಿದ್ದೇವೆ ಎಂದು ತಿಳಿಸಿದರು. ಇನ್ನೂ ಹಾದಿಯಲ್ಲೇ! ಗಣರಾಜ್ಯವಾಗಿ 29 ವರ್ಷವಾಗಿತ್ತು.

1979ರ ಸೆಪ್ಟೆಂಬರ್ 17ರಂದು ನ್ಯಾಯಮೂರ್ತಿಗಳಾದ ವಿ.ಆರ್. ಕೃಷ್ಣ ಅಯ್ಯರ್ ಮತ್ತು ಪಿ.ಎನ್. ಶಿಂಘಲ್ ಅವರ ಪೀಠದಿಂದ ತೀರ್ಪು ಬಂತು. ಬರೆದವರು ಕೃಷ್ಣ ಅಯ್ಯರ್. ಈ ಪ್ರಕರಣ ನೋಡಿದರೆ 14 ಮತ್ತು 16ನೇ ವಿಧಿಗಳು ಕಟ್ಟುಕಥೆಯೋ ವಾಸ್ತವವೋ ಎಂಬ ಅನುಮಾನ ಬರುತ್ತದೆ ಎಂದೇ ಅವರು ಆರಂಭಿಸುತ್ತಾರೆ. ಹೆಣ್ಣು ಸರ್ಕಾರದ ಅನುಮತಿ ಪಡೆದು ಮದುವೆಯಾಗಬೇಕಾದರೆ, ಗಂಡು ಮದುವೆಯಾದಾಗಲೂ ಸರ್ಕಾರಕ್ಕೆ ಅದೇ ಅಪಾಯವಿಲ್ಲವೇ ಎಂದು ಕೇಳುತ್ತಾರೆ. ಎಲ್ಲ ಸೇವಾ ನಿಯಮಗಳನ್ನೂ ಜಾಲಾಡಿ ಲಿಂಗಭೇದದ ಕಲೆಯನ್ನು ತೊಳೆಯಿರಿ, ಯಾರಾದರೂ ರಿಟ್ ಅರ್ಜಿ ಹಾಕಲಿ ಎಂದು ಕಾಯಬೇಡಿ ಎನ್ನುತ್ತಾರೆ. ನಡುವೆ ಕಿರಿಯರು ಮೇಲೆ ಹೋದದ್ದರಿಂದ ಮುತ್ತಮ್ಮನವರಿಗೆ ತಪ್ಪಿದ ಜ್ಯೇಷ್ಠತೆಯನ್ನು ಮರುಪರಿಶೀಲಿಸಲು ಸೂಚಿಸುತ್ತಾರೆ. ಕೊನೆಗೆ, ಬಡ್ತಿ ಸಿಕ್ಕಾಗಿದೆಯಲ್ಲ, ಹಾಗಾಗಿ: ಅರ್ಜಿಯನ್ನು ವಜಾ ಮಾಡುತ್ತೇವೆ, ಸಮಸ್ಯೆಯನ್ನಲ್ಲ.

ಕಾನೂನಿನ ದಾಖಲೆಯಲ್ಲಿ ಮುತ್ತಮ್ಮ ಸೋತ ಅರ್ಜಿದಾರೆ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ‘ಸುಪ್ರೀಂ ಕೋರ್ಟ್ ನಿಯಮವನ್ನು ರದ್ದು ಮಾಡಿತು’ ಎಂದು ಹಲವು ಕಡೆ ಬರೆದಿರುವುದನ್ನು ನೀವು ಓದುತ್ತೀರಿ. ಹಾಗೇನೂ ಆಗಲಿಲ್ಲ. ತೆಗೆಯುತ್ತೇವೆ ಎಂಬ ಸರ್ಕಾರದ ಮಾತನ್ನು ನ್ಯಾಯಾಲಯ ದಾಖಲಿಸಿತು, ಚೆನ್ನಾಗಿ ಬೈದಿತು. ಬೈಗುಳ ಎಷ್ಟು ಖಡಕ್ಕಾಗಿತ್ತೆಂದರೆ ಆಮೇಲೆ ಆ ನಿಯಮವನ್ನು ಸಮರ್ಥಿಸಿಕೊಳ್ಳುವ ಮುಖ ಯಾರಿಗೂ ಉಳಿಯಲಿಲ್ಲ.

ಆ ತೀರ್ಪನ್ನು ಪೂಜೆ ಮಾಡಬೇಕಾಗಿಯೂ ಇಲ್ಲ. ಅದರಲ್ಲೇ ಒಂದು ಪ್ಯಾರಾ ಇದೆ. ಎಲ್ಲ ಉದ್ಯೋಗಗಳಲ್ಲೂ ಎಲ್ಲ ಸಂದರ್ಭಗಳಲ್ಲೂ ಗಂಡು ಹೆಣ್ಣು ಸಮಾನ ಎಂದು ನಾವು ಸಾರ್ವತ್ರಿಕವಾಗಿ ಹೇಳುತ್ತಿಲ್ಲ, ಕೆಲಸದ ಸ್ವರೂಪ, ಸಮಾಜದ ವಿಶಿಷ್ಟತೆ, ಎರಡೂ ಲಿಂಗಗಳ ಮಿತಿಗಳು ಆಯ್ಕೆಯನ್ನು ಅನಿವಾರ್ಯ ಮಾಡಬಹುದು ಎನ್ನುತ್ತದೆ. ವ್ಯತ್ಯಾಸವನ್ನು ತೋರಿಸಿಕೊಡಲಾಗದ ಕಡೆ ಮಾತ್ರ ಸಮಾನತೆಯ ನಿಯಮ ನಡೆಯಬೇಕು ಎಂದು ಸೇರಿಸುತ್ತದೆ, ನಿಜ. ಆದರೂ ಅಷ್ಟು ದೊಡ್ಡ ಕಿಟಕಿಯನ್ನು ತೆರೆದಿಡುವ ಅಗತ್ಯವಿತ್ತೇ? ನನಗೆ ಇದು ಆ ತೀರ್ಪಿನ ಅತ್ಯಂತ ದುರ್ಬಲ ಭಾಗವಾಗಿ ಕಾಣುತ್ತದೆ. ಕಾನೂನು ಓದುವವರು ಯಾರಾದರೂ ಇಲ್ಲಿದ್ದರೆ ಅದನ್ನು ಸ್ವತಃ ಓದಿ ಜಗಳವಾಡಿ. ಕೆಲವೇ ಪುಟಗಳಿವೆ.

ಹೇಗ್‌ನಲ್ಲಿದ್ದು 1982ರಲ್ಲಿ ನಿವೃತ್ತರಾದರು, 32 ವರ್ಷಗಳ ಸೇವೆ. ಸ್ವೀಡನ್ನಿನ ಪ್ರಧಾನಿಯಾಗಿದ್ದ ಓಲೋಫ್ ಪಾಮೆ ನೇತೃತ್ವದಲ್ಲಿ ನಿರಸ್ತ್ರೀಕರಣ ಮತ್ತು ಭದ್ರತೆ ಕುರಿತು ರಚನೆಯಾದ ಅಂತರರಾಷ್ಟ್ರೀಯ ಆಯೋಗದಲ್ಲಿ ಭಾರತದ ಸದಸ್ಯೆ ಅವರೇ. ಪರಮಾಣು ಶಸ್ತ್ರಗಳ ಬಗ್ಗೆ ಆ ಆಯೋಗ 1982ರಲ್ಲಿ ವರದಿ ಕೊಟ್ಟಿತು. ಮೊದಲನೇ ಶ್ರೇಣಿಗೆ ಸಾಲದು ಎಂದು ತಮ್ಮವರೇ ಕೈಬಿಟ್ಟಿದ್ದ ಅಧಿಕಾರಿ, ಹಾಲಿ ಮಾಜಿ ಪ್ರಧಾನಿಗಳು, ವಿದೇಶಾಂಗ ಮಂತ್ರಿಗಳ ಜೊತೆ ಕೂತು ಕ್ಷಿಪಣಿಗಳ ಲೆಕ್ಕ ಮಾತಾಡುತ್ತಿದ್ದರು. ನಿವೃತ್ತಿಯ ನಂತರ ನಮ್ಮ ವ್ಯವಸ್ಥೆಯನ್ನು ನೇರವಾಗಿ ಝಾಡಿಸುವ ಪ್ರಬಂಧಗಳನ್ನು ಬರೆದರು, ಕೊಡವ ಅಡುಗೆಯ ಪುಸ್ತಕವೊಂದಕ್ಕೆ ಸಹಲೇಖಕಿಯೂ ಆದರು. 2009ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಮಾತು ಮುಗಿದ ಮೇಲೆ ವಿದ್ಯಾರ್ಥಿನಿಯೊಬ್ಬರು ಕೇಳಿದರು: ಈಗ ಎಲ್ಲ ಸರಿಹೋಗಿದೆಯಲ್ಲವೇ?

ಕಾಗದದಲ್ಲಿ ಹೋಗಿದೆ. 18(4) ಅಳಿದ 1973ರಲ್ಲೇ ಆ ವರ್ಷದ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದು ಸೇವೆಗೆ ಸೇರಿದವರು ನಿರುಪಮಾ ರಾವ್, ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿ ಓದಿದವರು. ಶ್ರೀಲಂಕಾ, ಚೀನಾ, ಅಮೆರಿಕಗಳಲ್ಲಿ ಭಾರತವನ್ನು ಪ್ರತಿನಿಧಿಸಿದರು, 2009ರಿಂದ 2011ರವರೆಗೆ ವಿದೇಶಾಂಗ ಕಾರ್ಯದರ್ಶಿಯಾಗಿದ್ದರು. ಅವರ ಪತಿ ಸುಧಾಕರ್ ರಾವ್ ಐಎಎಸ್ ಅಧಿಕಾರಿ, ನಮ್ಮ ರಾಜ್ಯದ ಮುಖ್ಯ ಕಾರ್ಯದರ್ಶಿಯಾಗಿದ್ದವರು. ಇಬ್ಬರ ವೃತ್ತಿಯೂ ತುದಿ ಮುಟ್ಟಿತು, ಯಾರ ದಕ್ಷತೆಗೂ ಅಡ್ಡಿಯಾದಂತೆ ಕಾಣಲಿಲ್ಲ. ನಿರುಪಮಾ ಅವರಿಗಿಂತ ಮುಂಚೆ 2001ರಲ್ಲಿ ಚೋಕಿಲಾ ಅಯ್ಯರ್, ಆಮೇಲೆ 2013ರಲ್ಲಿ ಸುಜಾತಾ ಸಿಂಗ್ ವಿದೇಶಾಂಗ ಕಾರ್ಯದರ್ಶಿಯ ಕುರ್ಚಿಗೆ ಬಂದರು. 1996ರಲ್ಲಿ ಜಿನೀವಾದಲ್ಲಿ, ಪರಮಾಣು ಪರೀಕ್ಷೆಗಳನ್ನು ನಿಷೇಧಿಸುವ ಸಿಟಿಬಿಟಿ ಒಪ್ಪಂದಕ್ಕೆ ಭಾರತ ಸಹಿ ಹಾಕುವುದಿಲ್ಲ ಎಂದು ದೊಡ್ಡ ದೇಶಗಳ ಎದುರು ಖಡಾಖಂಡಿತವಾಗಿ ಹೇಳಿದವರು ಅರುಂಧತಿ ಘೋಷ್.

ಆದರೆ ಬೇರೆ ಲೆಕ್ಕವೂ ಇದೆ. ವಿಜಯಲಕ್ಷ್ಮಿ ಪಂಡಿತ್ 1961ರಲ್ಲಿ ಲಂಡನ್ ಬಿಟ್ಟ ಮೇಲೆ ಅಲ್ಲಿಗೆ ಮತ್ತೊಬ್ಬ ಮಹಿಳಾ ಹೈಕಮಿಷನರ್ ಹೋದದ್ದು 2018ರಲ್ಲಿ, ರುಚಿ ಘನಶ್ಯಾಮ್. ನ್ಯೂಯಾರ್ಕಿನ ವಿಶ್ವಸಂಸ್ಥೆಗೆ ಭಾರತದ ಕಾಯಂ ಪ್ರತಿನಿಧಿಯಾಗಿ ಮೊದಲ ಮಹಿಳೆ ರುಚಿರಾ ಕಾಂಬೋಜ್ ಹೋದದ್ದು 2022ರಲ್ಲಿ. ಇಸ್ಲಾಮಾಬಾದ್ ಕಚೇರಿಯ ಮುಖ್ಯಸ್ಥರಾಗಿ ಮಹಿಳೆಯೊಬ್ಬರು, ಗೀತಿಕಾ ಶ್ರೀವಾಸ್ತವ, ನೇಮಕವಾದದ್ದು 2023ರಲ್ಲಿ. ಅದೂ ಹೈಕಮಿಷನರ್ ಆಗಿ ಅಲ್ಲ. 2019ರಿಂದ ಎರಡೂ ದೇಶಗಳು ಸಂಬಂಧದ ಮಟ್ಟವನ್ನು ಇಳಿಸಿಕೊಂಡಿರುವುದರಿಂದ, ಪ್ರಭಾರಿಯಾಗಿ.